ಬಿಸಿಲು ಬೆಟ್ಟಕ್ಕೆ ಮೆಶ್ ಶೂ ಸಾಕು: ಸ್ಪೇನಿನ ಮುಲಾಸೆನ್ ಬೆಟ್ಟ ಹತ್ತಿ ಇಳಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಒಣಗಿದ ಬಿಸಿಲು ಬೆಟ್ಟ ಹತ್ತಕ್ಕೆ ಹೋಗೋರು ವಾಟರ್‌ಪ್ರೂಫ್ ಶೂಗೆ ದುಡ್ಡು ಸುರೀಬೇಡಿ. ಮೈಸೂರಲ್ಲಿ ಶೂ ನೋಡಕ್ಕೆ ಹೋದಾಗ ಅಂಗಡಿ ಹುಡುಗ ಬಿಡ್ಲೇ ಇಲ್ಲ, ಫಾರಿನ್ ಟ್ರೆಕ್ ಅಂತೀರ, ಕಣಕಾಲು ಮುಚ್ಚೋದೇ ತಗೊಳಿ ಸರ್, ನೀರಲ್ಲಿ ಮುಳುಗಿಸಿದ್ರೂ ಒಳಗೆ ಹನಿ ಹೋಗಲ್ಲ ಅಂತ ಶುರು ಮಾಡ್ದ. ನೀರೇ ಇಲ್ಲದ ಕಡೆ ಹೋಗ್ತಿದೀನಿ ಕಣಪ್ಪ ಅಂತ ಹೇಳಿ ನಾನು ಮೇಲ್ಗಡೆ ಬರೀ ಮೆಶ್ (ಗಾಳಿ ಆಡೋ ಬಲೆ ಥರದ ಬಟ್ಟೆ) ಇರೋ, ಕಣಕಾಲಿಗಿಂತ ಕೆಳಗೇ ನಿಲ್ಲೋ, ನಾಲ್ಕು ಸಾವಿರದ ಆಸುಪಾಸಿನ ಟ್ರೇಲ್ ಶೂ ತಗೊಂಡೆ. ನಮ್ಮ ಭಾವ ಮಾತ್ರ ಹುಡುಗನ ಮಾತು ಕೇಳಿ ಅದರ ಎರಡರಷ್ಟು ಕೊಟ್ಟು ವಾಟರ್‌ಪ್ರೂಫ್ ಬೂಟೇ ಎತ್ಕೊಂಡ್ರು. ಹಂಗಾಗಿ ಎರಡೂ ಜಾತಿನೂ ಒಂದೇ ದಾರೀಲಿ ಪಕ್ಕಪಕ್ಕದಲ್ಲೇ ಟೆಸ್ಟ್ ಆದ್ವು. ಕಂಪನಿ ಹೆಸರು ಹಾಕಲ್ಲ, ಯಾವ ಕಂಪನಿ ಆದ್ರೂ ಈ ವ್ಯತ್ಯಾಸ ಹೆಚ್ಚುಕಮ್ಮಿ ಇದೇ.

ಹೋಗಿದ್ದು ಸ್ಪೇನ್ ದೇಶದ ದಕ್ಷಿಣಕ್ಕಿರೋ ಸಿಯೆರಾ ನೆವಾಡಾಗೆ. ಮುಲಾಸೆನ್ 3,479 ಮೀಟರ್, ಸ್ಪೇನು ಪೋರ್ಚುಗಲ್ ಎರಡೂ ಸೇರಿದ ಆ ಪರ್ಯಾಯ ದ್ವೀಪಕ್ಕೇ ಎತ್ತರದ ಶಿಖರ. ಪಕ್ಕದ ಗ್ರನಾಡಾ ಊರು ಹೆಚ್ಚುಕಮ್ಮಿ ನಮ್ ಮೈಸೂರಿನಷ್ಟೇ ಎತ್ತರದಲ್ಲಿದೆ, ಆದ್ರೆ ಮಳೆ ಲೆಕ್ಕ ಪೂರ್ತಿ ಉಲ್ಟಾ. ನಮಗೆ ಜೂನ್ ಬಂದ್ರೆ ಛತ್ರಿ, ಅವರಿಗೆ ಜೂನಿಂದ ಮಳೆ ಮಾಯ, ಜುಲೈ ಆಗಸ್ಟಲ್ಲಿ ಆಕಾಶದಲ್ಲಿ ಒಂದು ಚೂರು ಮೋಡ ಕಂಡ್ರೆ ಅದೇ ದೊಡ್ಡದು. ಕಪಿಲೇರಾ ಅನ್ನೋ ಬಿಳೀ ಗೋಡೆ ಹಳ್ಳಿಯಿಂದ ಬೇಸಿಗೇಲಿ ನ್ಯಾಷನಲ್ ಪಾರ್ಕ್ ಬಸ್ಸಿದೆ, ಅದು ಸುಮಾರು 2,700 ಮೀಟರ್ ತನಕ ಕರ್ಕೊಂಡೋಗಿ ಬಿಡುತ್ತೆ, ಸೀಟು ಮುಂಚೆನೇ ಬುಕ್ ಮಾಡ್ಕೊಳಿ. ಅಲ್ಲಿಂದ ಮೇಲಕ್ಕೆ ಮರ ಅನ್ನೋದೇ ಇಲ್ಲ, ನೆರಳು ಬೇಕಂದ್ರೆ ನಿಮ್ ಟೋಪಿ ನೆರಳೇ ಗತಿ.

ಹತ್ತೋವಾಗ ಒಂದು ಗಂಟೆ ಆಗೋದ್ರೊಳಗೆ ಭಾವ ಕಲ್ಲ ಮೇಲೆ ಕೂತು ಬೂಟು ಬಿಚ್ಚಿದ್ರು, ಇಡ್ಲಿ ಪಾತ್ರೆ ಮುಚ್ಚಳ ತೆಗೆದಂಗಾಯ್ತು. ಸಾಕ್ಸ್ ಹಿಂಡಿದ್ರೆ ನೀರು ಬರೋದು. ಕಾರಣ ಏನಪ್ಪ ಅಂದ್ರೆ ವಾಟರ್‌ಪ್ರೂಫ್ ಶೂ ಒಳಗೆ ಒಂದು ತೆಳ್ಳನೆ ಪದರ ಇರುತ್ತೆ, ಅದರ ತೂತುಗಳು ನೀರಿನ ಹನಿ ಒಳಗೆ ಬರದಷ್ಟು ಸಣ್ಣವು ಆದ್ರೆ ಬೆವರಿನ ಆವಿ ಹೊರಗೆ ಹೋಗುತ್ತೆ, ಡಬ್ಬದ ಮೇಲೆ ಬರೆದಿರೋದು ಸುಳ್ಳಲ್ಲ, ಹೋಗುತ್ತೆ, ಆದ್ರೆ ನಿಧಾನಕ್ಕೆ. ಬಿಸಿಲಲ್ಲಿ ಏರು ಹತ್ತೋ ಕಾಲು ಅದಕ್ಕಿಂತ ಜೋರಾಗಿ ಬೆವರುತ್ತೆ, ಮಿಕ್ಕಿದ್ದೆಲ್ಲ ಒಳಗೇ ನಿಲ್ಲುತ್ತೆ. ಒದ್ದೆ ಚರ್ಮ ಮೆತ್ತಗಾಗಿ ಸಾಕ್ಸಿಗೆ ಉಜ್ಜಿ ಉಜ್ಜಿ ಬೊಬ್ಬೆ ಏಳುತ್ತೆ. ನನ್ ಶೂನಲ್ಲಿ ಗಾಳಿ ನೇರ ಒಳಗೆ ನುಗ್ಗೋದು, ಬೆವರು ಅಲ್ಲಲ್ಲೇ ಆರೋಗೋದು, ಕೊನೆ ತನಕ ಒಂದು ಬೊಬ್ಬೆನೂ ಏಳ್ಲಿಲ್ಲ.

ಇನ್ನೊಂದು ತೂಕ. ಕಾಲಿಗೆ ಕಟ್ಟಿದ ತೂಕ ಬೆನ್ನಿಗೆ ಹಾಕಿದ್ದಕ್ಕಿಂತ ನಾಲ್ಕೈದು ಪಟ್ಟು ಸುಸ್ತು ಮಾಡುತ್ತೆ ಅನ್ನೋದು ಟ್ರೆಕ್ಕಿಂಗ್ ಮಂದಿ ಹಳೇ ಲೆಕ್ಕ, ಭಾವನ್ನ ನೋಡಿದ್ಮೇಲೆ ನಂಬಿದೆ. ಶೂನಲ್ಲಿ ಉಳಿಸಿದ ತೂಕಕ್ಕೆ ಬದಲು ಬ್ಯಾಗಿಗೆ ಇನ್ನೊಂದು ಬಾಟಲಿ ನೀರು ಹಾಕ್ಕೊಳಿ, ಬಸ್ ಬಿಟ್ಟ ಕಡೆಯಿಂದ ಆ ಏಣು ಪೂರ್ತಿ ಒಣಕಲು, ತಲೆಗೆ ಮೂರು ಲೀಟರ್ ಬೇಕೇ ಬೇಕು.

ಗ್ರಿಪ್ ವಿಷಯಕ್ಕೆ ಬರೋಣ. ಹೋಗೋಕೆ ಮುಂಚೆ ಪಾಂಡವಪುರದ ಕುಂತಿಬೆಟ್ಟದಲ್ಲೂ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲೂ ಪಳಗಿಸಿದ್ದೆ. ಕುಂತಿಬೆಟ್ಟದ ಬಂಡೆ ಗಟ್ಟಿ, ಒರಟು, ಸೋಲ್ ಅಂಟ್ಕೊಂಡು ನಿಲ್ಲುತ್ತೆ. ಅದೇ ಧೈರ್ಯದಲ್ಲಿ ಮುಲಾಸೆನ್ ಮೇಲೆ ಕಾಲಿಟ್ರೆ ಆಗಲ್ಲ, ಅಲ್ಲಿರೋದು ಪದರಪದರವಾಗಿ ಏಳೋ ಕಪ್ಪು ಕಲ್ಲು, ಶಿಸ್ಟ್ ಅಂತಾರೆ, ತುಂಬಾ ಕಾಗೆಬಂಗಾರ, ಬಿಸಿಲಿಗೆ ಫಳಫಳ ಅನ್ನುತ್ತೆ. ಚಪ್ಪಡಿ ಚಪ್ಪಡಿಯಾಗಿ ಒಡೆದು ಬಿದ್ದಿರುತ್ತೆ, ಕಾಲಿಟ್ರೆ ಕಾಲಿನ ಜೊತೆ ಕಲ್ಲೇ ಜಾರುತ್ತೆ. ಇಲ್ಲಿ ರಬ್ಬರ್ ಎಷ್ಟೇ ಒಳ್ಳೇದಿದ್ರೂ ಅರ್ಧ ಕೆಲಸನೇ ಮಾಡೋದು, ಮಿಕ್ಕರ್ಧ ಕೋಲು ಮಾಡ್ಬೇಕು. ಕೆಳಗಿನ ಸೋಲ್ ಗಟ್ಟಿ ಇರ್ಬೇಕು ಅನ್ನೋದು ಇಲ್ಲೇ ಗೊತ್ತಾಗೋದು, ಮೆತ್ತನೆ ರನ್ನಿಂಗ್ ಶೂ ಹಾಕ್ಕೊಂಡ್ರೆ ಪ್ರತಿ ಚೂಪು ಕಲ್ಲೂ ಪಾದಕ್ಕೆ ನಾಟುತ್ತೆ. ಅಂಗಡೀಲೇ ಮಧ್ಯಕ್ಕೆ ಮಡಚಿ ನೋಡಿ, ಬೆರಳ ಹತ್ರ ಮಾತ್ರ ಬಾಗ್ಬೇಕು, ನಡುಮಧ್ಯದಲ್ಲಿ ಬಾಗಿದ್ರೆ ವಾಪಸ್ ಕೊಟ್ಬಿಡಿ.

ತುದೀಲಿ ಒಂದು ಸರ್ವೆ ಕಂಬ ಇದೆ, ಅದರ ಬುಡದಲ್ಲಿ ಕೂತು ಶೂ ಒಳಗಿನ ಜಲ್ಲಿ ಕೊಡವಿದೆ (ಮೈನಸ್ ಪಾಯಿಂಟ್ ನಂಬರ್ ಒನ್, ಗಿಡ್ಡ ಶೂ ಒಳಗೆ ಜಲ್ಲಿ ನುಗ್ಗುತ್ತೆ, ಶೂ ಬಾಯಿ ಮುಚ್ಚೋ ಬಟ್ಟೆ ಕವಚ ಬರುತ್ತೆ, ಗೇಟರ್ ಅಂತಾರೆ, ಹಾಕ್ಕೊಳಿ). 1879ರಲ್ಲಿ ಇದೇ ತುದಿಯಿಂದ ರಾತ್ರಿ ಹೊತ್ತು ವಿದ್ಯುತ್ ದೀಪ ತೋರಿಸಿ ಸಮುದ್ರದ ಆಚೆಗಿನ ಆಲ್ಜೀರಿಯಾ ಬೆಟ್ಟಗಳಿಗೆ ತ್ರಿಕೋನ ಹಾಕಿ ಅಳತೆ ಜೋಡಿಸಿದ್ರು, ಎರಡು ಖಂಡಕ್ಕೆ ಒಂದೇ ಸರ್ವೆ. ನಮ್ ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಸಾಹೇಬ 1802ರಲ್ಲಿ ಮದ್ರಾಸಲ್ಲಿ ದೇಶ ಅಳೆಯಕ್ಕೆ ಶುರು ಮಾಡಿದ್ದೂ ಇದೇ ಥರದ ತ್ರಿಕೋನದ ಲೆಕ್ಕದಲ್ಲೇ, ಭಾವನಿಗೆ ಇದನ್ನ ಹೇಳಕ್ಕೆ ಹೋದ್ರೆ ಅವರು ಸಾಕ್ಸ್ ಒಣಗಿಸೋದ್ರಲ್ಲಿ ಬ್ಯುಸಿ.

ಇಳಿದಿದ್ದು ಬೇರೆ ದಾರಿ, ಸಿಯೆಟೆ ಲಗೂನಾಸ್ ಅನ್ನೋ ಕೆರೆಗಳ ಕಡೆಯಿಂದ ಟ್ರೆವೆಲೆಸ್ ಹಳ್ಳಿಗೆ, ತುದಿಯಿಂದ ಅಲ್ಲಿಗೆ 2,000 ಮೀಟರ್ ಇಳಿಜಾರು. ಕೆರೆ ಹತ್ರ ಹಿಮ ಕರಗಿದ ನೀರು ನಿಂತು ಹಸಿರು ಹುಲ್ಲುಗಾವಲಾಗಿರುತ್ತೆ, ನಾವು ಹೋದ ದಾರೀಲಿ ಶೂ ನೆನೆದಿದ್ದು ಅಂದ್ರೆ ಅಲ್ಲೊಂದೇ ಕಡೆ. ನನ್ನದು ಸೊಂಯ್ ಅಂತ ನೆನೀತು, ಬುತ್ತಿ ಬಿಚ್ಚಿ ಚಪಾತಿ ಚಟ್ನಿಪುಡಿ ತಿಂದು ಸ್ವಲ್ಪ ಹೊತ್ತು ಮಲಗಿ ಏಳೋದ್ರಲ್ಲಿ ಆರಿತ್ತು. ಭಾವ ಇಲ್ಲಿ ಖುಷಿಯಾಗಿ ನೀರಲ್ಲೇ ನಡೆದ್ರು, ನೋಡು ಹನಿನೂ ಇಲ್ಲ ಅಂತ, ಆಮೇಲೆ ಒಂದು ಕಡೆ ಕಾಲು ಕಣಕಾಲಿಗಿಂತ ಮೇಲೆ ಮುಳುಗಿತು, ಮೇಲಿಂದ ಹೋದ ನೀರು ಸಂಜೆ ತನಕ ಹೊರಗೆ ಬರ್ಲೇ ಇಲ್ಲ.

ಇಷ್ಟುದ್ದ ಇಳಿಜಾರಲ್ಲಿ ಉಗುರು ಉಳೀಬೇಕಂದ್ರೆ ಎರಡು ಮಾತು ಕೇಳಿ. ಶೂ ಸಂಜೆ ಹೊತ್ತಲ್ಲೇ ತಗೊಳಿ, ಆವಾಗ ಪಾದ ಊದಿರುತ್ತೆ, ಟ್ರೆಕ್ಕಿಂಗ್ ಸಾಕ್ಸ್ ಹಾಕ್ಕೊಂಡೇ ನೋಡಿ, ಮುಂದೆ ಒಂದು ಬೆರಳಗಲ ಖಾಲಿ ಬಿಡಿ. ಆಮೇಲೆ ಲೇಸಿನ ಕೊನೇ ತೂತು, ಎಲ್ಲರೂ ಬಿಟ್ಬಿಡ್ತಾರಲ್ಲ ಅದು, ಅದರಲ್ಲಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ ಎದುರಿನ ಲೇಸು ಅದರೊಳಗೆ ತೂರಿಸಿ ಎಳೆದು ಕಟ್ಟಿ, ಹಿಮ್ಮಡಿ ಅಲ್ಲಾಡಲ್ಲ, ಬೆರಳು ಮುಂದಕ್ಕೆ ಹೋಗಿ ಗುದ್ದಲ್ಲ.

ಬೈಯೋದೂ ಇದೆ. ಆ ಬೆಟ್ಟದಲ್ಲಿ ಮುಳ್ಳಿನ ಗುಡ್ಡೆ ಥರ ಬೆಳೆಯೋ ಗಿಡಗಳಿವೆ, ದಾರಿ ತಪ್ಪಿ ಅದ್ರ ಮೇಲೆ ಕಾಲಿಟ್ರೆ ಮುಳ್ಳು ಮೆಶ್ ದಾಟಿ ಬೆರಳಿಗೇ. ಸಣ್ಣ ಧೂಳು ಒಳಗೆ ಹೋಗಿ ಸಾಕ್ಸೆಲ್ಲ ಕಪ್ಪು, ಮನೇಲಿ ಒಗೆಯೋರ ಹತ್ರ ಉಗಿಸ್ಕೊಂಡೆ. ಕಿರುಬೆರಳ ಪಕ್ಕ ಮೆಶ್ ಆಗ್ಲೇ ಸ್ವಲ್ಪ ಹರಿದಿತ್ತು, ಮಂಡ್ಯದಲ್ಲಿ ಹೊಲಿಸ್ದೆ, ಚರ್ಮದ ಬೂಟಿನಷ್ಟು ಬಾಳಿಕೆ ಇದ್ರಿಂದ ಬರಲ್ಲ ಬುಡಿ. ಬೆಳಗ್ಗೆ ತುದೀಲಿ ಗಾಳಿ ಬೀಸಿದಾಗ ಬೆರಳು ಮರಗಟ್ಟೋದೂ ನಿಜ, ಉಣ್ಣೆ ಸಾಕ್ಸ್ ಇಟ್ಕೊಳಿ.

ಚಳಿಗಾಲಕ್ಕೆ ಅಲ್ಲಿಗೆ ಈ ಶೂ ಹಾಕ್ಕೊಂಡು ಹೋಗೋ ಮಾತೇ ಇಲ್ಲ, ಆವಾಗ ಅದು ಹಿಮ, ಮಂಜುಗಡ್ಡೆ, ಬೂಟಿಗೆ ಕಬ್ಬಿಣದ ಹಲ್ಲು ಕಟ್ಟೋ ಕೆಲಸ. ನಮ್ ಕಡೆ ಬೇಸಿಗೆ ಬೆಟ್ಟಗಳಿಗೆ, ಅಂದ್ರೆ ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆ ಸುತ್ತಮುತ್ತ, ಇದೇ ಶೂ ಕಣ್ಮುಚ್ಕೊಂಡು ತಗೊಳಿ. ಮಳೆಗಾಲದ ಕೊಡಗಿಗೆ ಮಾತ್ರ ಸೋಲಿನ ಹಲ್ಲು ಇನ್ನೂ ಆಳ ಇರೋದು ನೋಡಿ, ಇದು ಕೆಸರಲ್ಲಿ ನಿಲ್ಲಲ್ಲ.

ನನ್ ಕಡೆಯಿಂದ ಐದಕ್ಕೆ ನಾಲ್ಕು, ಮುಳ್ಳಿಗೂ ಬಾಳಿಕೆಗೂ ಸೇರಿ ಒಂದು ಕಟ್. ಅಂದಹಾಗೆ ಭಾವ ಅವರ ಬೂಟು ಮಾರ್ತಾರಂತೆ, ಸೈಜ್ ಒಂಬತ್ತು, ಒಂದೇ ಟ್ರಿಪ್ಪಿಗೆ ಹಾಕಿರೋದು, ಹೊರಗಿನ ನೀರು ಒಳಗೆ ಬರಲ್ಲ ಅನ್ನೋದಕ್ಕೆ ನಾನೇ ಗ್ಯಾರಂಟಿ. ಒಳಗಿನ ನೀರಿನ ವಿಷಯ ಅವರನ್ನೇ ಕೇಳ್ಕೊಳಿ.