ಕೂತ್ಕೊಳ್ಳಿ ಅಂತಲೂ ಹೇಳ್ತಾರೆ, ಏಳಿ ಅಂತಲೂ ಹೇಳ್ತಾರೆ

ಈ ಹೋಟೆಲಿನ ಊಟದ ಬಗ್ಗೆ ಒಂದೇ ಮಾತು. ರುಚಿಯಾಗಿದೆ, ಬಿಸಿಯಾಗಿ ಬರುತ್ತದೆ. ನಾನು ಬರೆಯಬೇಕೆಂದುಕೊಂಡಿರುವುದು ಊಟ ಮುಗಿದ ಮೇಲಿನ ಅರ್ಧ ಗಂಟೆಯ ಬಗ್ಗೆ. ನಿಜ ಹೇಳಬೇಕೆಂದರೆ ನಾನು ಹೋಟೆಲಿಗೆ ಹೋಗುವುದೇ ಆ ಅರ್ಧ ಗಂಟೆಗೋಸ್ಕರ. ನಾನು, ನನ್ನ ಗೆಳತಿ ಸಿಗುವುದೇ ಅಪರೂಪ. ಇಬ್ಬರಿಗೂ ಕೆಲಸ, ಮನೆ, ಮಕ್ಕಳ ಪರೀಕ್ಷೆ. ಸಿಕ್ಕ ಕೂಡಲೇ ಹಸಿವು, ಆಮೇಲೆ ತಟ್ಟೆ ಕಡೆ ಗಮನ. ಕೈ ತೊಳೆದುಕೊಂಡು ಬಂದು ಕೂತ ಮೇಲೆಯೇ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವುದು.

ಎಷ್ಟೋ ಹೋಟೆಲುಗಳಲ್ಲಿ ಸರಿಯಾಗಿ ಆ ಹೊತ್ತಿಗೇ ನಮ್ಮನ್ನು ಎಬ್ಬಿಸುವ ಕೆಲಸ ಶುರುವಾಗುತ್ತದೆ. ಬಾಯಿ ಬಿಟ್ಟು ಯಾರೂ ಏನೂ ಹೇಳುವುದಿಲ್ಲ. ಒಬ್ಬರು ಬಂದು ಅರ್ಧ ನೀರಿರುವ ಲೋಟ ಎತ್ತಿಕೊಂಡು ಹೋಗುತ್ತಾರೆ. ಇನ್ನೊಬ್ಬರು ಒರೆಸಿದ ಟೇಬಲನ್ನೇ ಮತ್ತೆ ಒರೆಸುತ್ತಾರೆ, ನಾವು ಮೊಣಕೈ ಎತ್ತಲೇಬೇಕು. ಕೇಳದೇ ಇದ್ದ ಬಿಲ್ಲು ಬಂದು ಕೂರುತ್ತದೆ. ತಲೆ ಮೇಲಿನ ಫ್ಯಾನು ನಿಲ್ಲುತ್ತದೆ. ಕಾಯುತ್ತಿರುವವರನ್ನು ಕರೆತಂದು ನಮ್ಮ ಕುರ್ಚಿಯ ಬೆನ್ನಿಗೇ ನಿಲ್ಲಿಸುವುದೂ ಉಂಟು. ಮಾತು ಅರ್ಧದಲ್ಲೇ ನಿಲ್ಲುತ್ತದೆ. ಹೊಟ್ಟೆ ತುಂಬಿರುತ್ತದೆ, ಮನಸ್ಸು ಕೆಟ್ಟಿರುತ್ತದೆ. ನನಗೆ ಇದು ಅವಮಾನ ಅಂತಲೇ ಅನಿಸುತ್ತದೆ.

ಈ ಹೋಟೆಲಿನಲ್ಲಿ ಹಾಗಿಲ್ಲ. ಇಲ್ಲಿ ಬಾಯಿ ಬಿಟ್ಟು ಹೇಳುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಾಗಿಲಲ್ಲಿ ನಿಂತಿರುವ ಮ್ಯಾನೇಜರ್ ಎಷ್ಟು ಜನ ಅಂತ ಕೇಳಿದ ಮೇಲೆ ಇನ್ನೊಂದು ಮಾತು ಕೇಳುತ್ತಾರೆ. “ಬೇಗ ಹೊರಡ್ಬೇಕಾ ಮೇಡಂ, ಇಲ್ಲಾ ಸ್ವಲ್ಪ ಕೂತು ಮಾತಾಡೋದಿದೆಯಾ?” ಬೇಗ ಹೋಗುವವರಿಗೆ ಬಾಗಿಲ ಹತ್ತಿರದ ಟೇಬಲ್. ಮಾತಾಡುವವರಿಗೆ ಒಳಗಿನ ಗೋಡೆಯ ಸಾಲು. ಅಲ್ಲಿರುವುದೆಲ್ಲ ಇಬ್ಬರು ಕೂರುವ ಚಿಕ್ಕ ಟೇಬಲ್. ಈ ಕೊನೆಯ ಏರ್ಪಾಡು ಮಾಡಿದವರ ತಲೆಯನ್ನು ನಾನು ಮೆಚ್ಚಿದೆ. ಇಬ್ಬರು ನಾಲ್ಕು ಕುರ್ಚಿಯ ಟೇಬಲ್ ಹಿಡಿದು ಕೂತರೆ ಎರಡು ಕುರ್ಚಿ ಸುಮ್ನೆ ಖಾಲಿ. ಮಾತು ಉದ್ದವಾದಷ್ಟೂ ಆ ಖಾಲಿ ಕುರ್ಚಿಗಳು ಮಾಲೀಕರ ಕಣ್ಣಿಗೆ ಚುಚ್ಚುತ್ತವೆ.

ನಾನು ಕಾಲೇಜಿನ ರಜೆಯಲ್ಲಿ ನೆಂಟರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆ. ಹಾಗಾಗಿ ಆ ಕಡೆಯ ಕಷ್ಟವೂ ಗೊತ್ತು. ಮಧ್ಯಾಹ್ನದ ರಶ್ ಮೂರು ಗಂಟೆ ಅಂದುಕೊಳ್ಳಿ. ಬಂದವರು 45 ನಿಮಿಷಕ್ಕೆ ಎದ್ದರೆ ಒಂದು ಟೇಬಲಿಗೆ ನಾಲ್ಕು ಸಲ ಜನ ಬರುತ್ತಾರೆ. ಪ್ರತಿಯೊಬ್ಬರೂ ಒಂದು ಗಂಟೆ ಕೂತರೆ ಮೂರೇ ಸಲ. ಬರೀ ಹದಿನೈದು ನಿಮಿಷ ಅಲ್ವಾ ಅಂತ ನಮಗೆ ಅನಿಸುತ್ತದೆ. ಅವರಿಗೆ ಆ ಟೇಬಲಿನ ಕಾಲು ಭಾಗ ವ್ಯಾಪಾರ ಹೋಯಿತು. ಬಾಡಿಗೆ, ಕರೆಂಟು, ಸಂಬಳ ಯಾವುದೂ ಕಾಲು ಭಾಗ ಕಮ್ಮಿಯಾಗುವುದಿಲ್ಲ. ಟಿಪ್ಸ್ ನಂಬಿಕೊಂಡ ಸಪ್ಲೈಯರ್‌ಗೂ ಅಷ್ಟೇ, ಟೇಬಲ್ ಖಾಲಿಯಾದರೆ ತಾನೇ ಮುಂದಿನವರು ಬರುವುದು.

ಇದನ್ನು ಅಧ್ಯಯನ ಮಾಡಿ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಶೆರಿಲ್ ಕೈಮ್ಸ್ ಮತ್ತು ಅವರ ಜೊತೆಯವರು 1998ರಲ್ಲಿ ಹೋಟೆಲುಗಳಿಗೆ ಒಂದು ಅಳತೆ ಹೇಳಿಕೊಟ್ಟರು. ಒಂದೊಂದು ಕುರ್ಚಿಯಿಂದ ಒಂದೊಂದು ಗಂಟೆಗೆ ಎಷ್ಟು ದುಡ್ಡು ಬಂತು ಅಂತ ನೋಡಬೇಕು. ಬಿಲ್ಲು ಎಷ್ಟಾಯಿತು ಅನ್ನುವುದೊಂದೇ ಸಾಲದು, ಎಷ್ಟು ಹೊತ್ತಿಗೆ ಆಯಿತು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಆದರೆ ಇದೇ ಅಳತೆಯಲ್ಲಿ ಇನ್ನೊಂದು ವಿಷಯವೂ ಇದೆ. ಅರ್ಧ ಹೋಟೆಲ್ ಖಾಲಿಯಿರುವ ಇಳಿಹೊತ್ತಿನಲ್ಲಿ ನಾವು ಇನ್ನೊಂದು ಗಂಟೆ ಕೂತರೆ ಯಾರಿಗೂ ಒಂದು ಪೈಸೆ ನಷ್ಟವಿಲ್ಲ. ಆಗಲೂ ಬಟ್ಟೆ ಹಿಡಿದುಕೊಂಡು ಟೇಬಲ್ ಸುತ್ತ ಓಡಾಡುವ ಹೋಟೆಲಿನವರಿಗೆ ಅಭ್ಯಾಸ ಬಲ ಅಷ್ಟೇ. ಜನ ಕೂತಿರುವ ಹೋಟೆಲಿಗೆ ಜನ ಬರುತ್ತಾರೆ ಅನ್ನುವುದನ್ನೂ ಅವರು ಮರೆಯುತ್ತಾರೆ.

ನಮಗೆ ಗೊತ್ತಾಗದ ಹಾಗೆ ಎಬ್ಬಿಸುವ ದಾರಿಯೂ ಇದೆ, ಹಾಡು. 1986ರಲ್ಲಿ ರೊನಾಲ್ಡ್ ಮಿಲಿಮನ್ ಅನ್ನುವ ಸಂಶೋಧಕರು ಒಂದು ರೆಸ್ಟೋರೆಂಟಿನಲ್ಲಿ ಕೆಲವು ದಿನ ನಿಧಾನದ ಸಂಗೀತ, ಕೆಲವು ದಿನ ವೇಗದ ಸಂಗೀತ ಹಾಕಿಸಿ ನೋಡಿದರು. ನಿಧಾನದ ಸಂಗೀತ ಇದ್ದಾಗ ಜನ ಸರಾಸರಿ 56 ನಿಮಿಷ ಕೂತರು, ವೇಗದ್ದಕ್ಕೆ 45 ನಿಮಿಷ. ಊಟದ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ. ನಿಧಾನದ ಸಂಗೀತ ಕೇಳುತ್ತಾ ಕೂತವರು ಬಾರಿನಲ್ಲಿ ಮಾತ್ರ ಜಾಸ್ತಿ ಖರ್ಚು ಮಾಡಿದರು. ಇದು ಗೊತ್ತಾದ ಮೇಲೆ ನಾನು ಎಲ್ಲಿ ಹೋದರೂ ಮೊದಲು ಸ್ಪೀಕರ್ ಕಡೆ ಕಿವಿ ಕೊಡುತ್ತೇನೆ. ಈ ಹೋಟೆಲಿನಲ್ಲಿ ರಶ್ ಹೊತ್ತಿನಲ್ಲಿ ಹಾಡೇ ಇರುವುದಿಲ್ಲ. ಇಳಿಹೊತ್ತಿನಲ್ಲಿ ಮೆಲ್ಲಗೆ ಏನೋ ಹಾಕುತ್ತಾರೆ, ಎದುರಿಗಿರುವವರ ಮಾತು ಆರಾಮಾಗಿ ಕೇಳಿಸುತ್ತದೆ.

ಇನ್ನು ಏಳಿ ಅಂತ ಹೇಳುವ ರೀತಿ. ಒಂದು ಭಾನುವಾರ ಹೊರಗಿನ ಸಾಲು ಮೆಟ್ಟಿಲು ದಾಟಿತ್ತು. ನಾವು ಮುಗಿಸಿ ಸುಮಾರು ಹೊತ್ತಾಗಿತ್ತು. ಸಪ್ಲೈಯರ್ ಬಂದರು. ಕೈಯಲ್ಲಿ ಬಿಲ್ಲೂ ಇಲ್ಲ, ಬಟ್ಟೆಯೂ ಇಲ್ಲ. ಸ್ವಲ್ಪ ಬಗ್ಗಿ, ಪಕ್ಕದ ಟೇಬಲಿಗೆ ಕೇಳಿಸದ ಹಾಗೆ ಹೇಳಿದರು. “ಮೇಡಂ, ಹೊರಗೆ ತುಂಬಾ ಜನ ಕಾಯ್ತಿದ್ದಾರೆ. ಅವಸರ ಇಲ್ಲ, ಇನ್ನೊಂದು ಹತ್ತು ನಿಮಿಷ ಕೂತ್ಕೊಳ್ಳಿ. ಆಮೇಲೆ ಟೇಬಲ್ ಬಿಟ್ಟುಕೊಟ್ರೆ ಅನುಕೂಲ ಆಗುತ್ತೆ. ಮಾತು ಮುಗಿದಿಲ್ಲಾ ಅಂದ್ರೆ ಹೊರಗಡೆ ಬೆಂಚ್ ಇದೆ.” ಅಷ್ಟೇ. ಹೇಳಿ ಹೊರಟುಹೋದರು. ಹತ್ತು ನಿಮಿಷ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆ ಮಾತಿನಲ್ಲಿ ಎಲ್ಲವೂ ಇತ್ತು. ಯಾಕೆ ಅನ್ನುವ ಕಾರಣ, ಎಷ್ಟು ಹೊತ್ತು ಅನ್ನುವ ಲೆಕ್ಕ, ಎಲ್ಲಿಗೆ ಹೋಗಬಹುದು ಅನ್ನುವ ದಾರಿ. ಆ ಹತ್ತು ನಿಮಿಷ ನಾವು ನೆಮ್ಮದಿಯಿಂದ ಮಾತಾಡಿದೆವು, ಯಾಕೆಂದರೆ ಅದು ನಮಗೇ ಅಂತ ಕೊಟ್ಟ ಸಮಯ. ಆಮೇಲೆ ಖುಷಿಯಿಂದ ಎದ್ದೆವು. ಒಂದು ಗಂಟೆ ಕೊಟ್ಟೂ ಸುತ್ತ ಸುಳಿದಾಡುವವರಿಗಿಂತ ಇವರು ಕೊಟ್ಟ ಹತ್ತು ನಿಮಿಷ ದೊಡ್ಡದು.

ಅಮ್ಮನನ್ನು ಕರೆದುಕೊಂಡು ಹೋದಾಗ ಕಂಡದ್ದು ಇನ್ನೊಂದು. ಅಮ್ಮ ತುಂಬಾ ನಿಧಾನ. ಬೇರೆ ಕಡೆ ನನ್ನ ತಟ್ಟೆ ಖಾಲಿಯಾದ ಕೂಡಲೇ ಕ್ಲೀನರ್ ಎತ್ತಿಬಿಡುತ್ತಾರೆ. ಆಗ ಅಮ್ಮ ಒಬ್ಬಳೇ ತಿನ್ನುತ್ತಾ ಉಳಿಯುತ್ತಾಳೆ. ಅವಳಿಗೆ ಸಂಕೋಚ, ಅರ್ಧಕ್ಕೇ ಸಾಕು ಅನ್ನುತ್ತಾಳೆ. ಇಲ್ಲಿ ಅಮ್ಮನ ಕೊನೆಯ ತುತ್ತಿನವರೆಗೂ ನನ್ನ ಖಾಲಿ ತಟ್ಟೆ ನನ್ನ ಮುಂದೆಯೇ ಇತ್ತು. ಎರಡನ್ನೂ ಒಟ್ಟಿಗೆ ಎತ್ತಿದರು. ಅಮ್ಮ ಪೂರ್ತಿ ಊಟ ಮಾಡಿದಳು. ಟೇಬಲಿನಲ್ಲಿ ಎಲ್ಲರದ್ದೂ ಆಗುವವರೆಗೆ ಯಾರ ತಟ್ಟೆಯನ್ನೂ ಮುಟ್ಟಬಾರದು ಅಂತ ಅವರಿಗೆ ಯಾರೋ ಚೆನ್ನಾಗಿ ಕಲಿಸಿದ್ದಾರೆ.

ಹೋಗುವವರಿಗೂ ನನ್ನದೊಂದು ಮಾತು. ಇಷ್ಟು ಮರ್ಯಾದೆ ಕೊಡುವ ಜಾಗದಲ್ಲಿ ನಾವೂ ಆಗಾಗ ಬಾಗಿಲ ಕಡೆ ಕಣ್ಣು ಹಾಯಿಸಬೇಕು. ಸಾಲು ಕಂಡರೆ ಅವರು ಬಂದು ಕೇಳುವ ತನಕ ಯಾಕೆ ಕಾಯಬೇಕು? ಚಿಕ್ಕ ಮಗುವನ್ನು ಎತ್ತಿಕೊಂಡು ನಿಂತವರು, ಕೋಲೂರಿ ನಿಂತವರು ಕಂಡರೆ ಮಾತನ್ನು ಹೊರಗೆ ಮುಂದುವರಿಸಿ. ಸಾಲು ಇಲ್ಲವಾ, ಧಾರಾಳವಾಗಿ ಕೂತ್ಕೊಳ್ಳಿ. ಬಹಳ ಹೊತ್ತಾದರೆ ಕುಡಿಯಲು ಏನಾದರೂ ಹೇಳಿ. ಕುಡಿದು ಮುಗಿಸಿದ ಒಂದೇ ಲೋಟ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ಬಿಚ್ಚಿ ಇಡೀ ಮಧ್ಯಾಹ್ನ ಮೀಟಿಂಗ್ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಹರಟೆ ಅಲ್ಲ, ಬಾಡಿಗೆಯಿಲ್ಲದ ಆಫೀಸು.

ಬಾಗಿಲು ಮುಚ್ಚುವ ಹೊತ್ತಿನ ವಿಷಯವೇ ಬೇರೆ. ಆಗ ಹೊರಗೆ ಯಾರೂ ಕಾಯುತ್ತಿರುವುದಿಲ್ಲ, ಹಾಗಾಗಿ ಕೂರಬಹುದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಗಲ್ಲಾದಲ್ಲಿ ಕೂತಿದ್ದಾಗ ನಾನು ಕಣ್ಣಾರೆ ನೋಡಿದ್ದೇನೆ. ಕೊನೆಯ ಟೇಬಲ್ ಎದ್ದ ಮೇಲೆಯೇ ಕುರ್ಚಿ ಮೇಲೆತ್ತಿ ನೆಲ ತೊಳೆಯುವುದು, ಪಾತ್ರೆ ಮುಗಿಸುವುದು, ಗಲ್ಲಾ ಲೆಕ್ಕ ಹಾಕುವುದು. ಕೆಲಸದವರ ಊಟ ಅದೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಅವರ ಕೊನೆಯ ಬಸ್ಸು ಹೋಗಿರುತ್ತದೆ. ಇಡೀ ದಿನ ನಿಂತ ಕಾಲಿನವರನ್ನು ನಮ್ಮ ಹರಟೆಗೋಸ್ಕರ ಮತ್ತೆ ಅರ್ಧ ಗಂಟೆ ನಿಲ್ಲಿಸುವುದು ಸರಿಯಲ್ಲ. ಈ ಹೋಟೆಲಿನವರು ಮುಚ್ಚುವ ಮೊದಲೇ ಒಂದು ಸಲ ಬಂದು ಸಮಯ ತಿಳಿಸುತ್ತಾರೆ. ಆದರೂ ಏಳದವರಿಗೆ ಎರಡನೇ ಸಲ ಹೇಳಲು ಹಿಂಜರಿಯುತ್ತಾರೆ. ಇಲ್ಲಿ ಅವರು ಇನ್ನೂ ಸ್ವಲ್ಪ ಗಟ್ಟಿಯಾಗಬೇಕು. ಮುಚ್ಚುವ ಸಮಯವನ್ನು ಮೆನು ಕಾರ್ಡಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ.

ಇನ್ನೆರಡು ಕೊರತೆ ಇವೆ. ಹೊರಗಿನ ಬೆಂಚಿಗೆ ನೆರಳಿಲ್ಲ, ಮಧ್ಯಾಹ್ನ ಅಲ್ಲಿ ಐದು ನಿಮಿಷ ಕೂರಲು ಆಗುವುದಿಲ್ಲ. ಮೇಲೊಂದು ಶೀಟ್ ಹಾಕಿಸಿದರೆ ಸಾಕು. ಗೋಡೆ ಸಾಲಿನ ಕೊನೆಯ ಟೇಬಲ್ ಕೈ ತೊಳೆಯುವ ಜಾಗಕ್ಕೆ ಅಂಟಿಕೊಂಡಿದೆ, ಓಡಾಟ ಜಾಸ್ತಿ, ನೀರೂ ಸಿಡಿಯುತ್ತದೆ. ಅದನ್ನು ಕೊಟ್ಟರೆ ಬೇರೆ ಕೇಳಿ, ಬೇಸರ ಮಾಡಿಕೊಳ್ಳದೆ ಕೊಡುತ್ತಾರೆ. ಮನಸ್ಸು ಬಿಚ್ಚಿ ಮಾತಾಡುವುದಿದ್ದರೆ ಭಾನುವಾರ ಬೇಡ. ವಾರದ ದಿನ, ಮಧ್ಯಾಹ್ನದ ರಶ್ ಇಳಿದ ಮೇಲೆ ಹೋಗಿ.