ವೀಣೆಗೆ ಎಚ್‌ಡಿ 600, ಬೀಟ್‌ಗೆ ಡಿಟಿ 770
ಹೆಡ್‌ಫೋನ್ ಕೊಳ್ಳುವಾಗ ಸೆನ್‌ಹೈಸರ್ ಎಚ್‌ಡಿ 600 ತಗೊಳ್ಳೋದಾ, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತಗೊಳ್ಳೋದಾ ಅಂತ ಇದ್ದರೆ, ಮೊದಲು ನೀವು ಜಾಸ್ತಿ ಏನು ಕೇಳುತ್ತೀರಿ ನೋಡಿಕೊಳ್ಳಿ.

ವೀಣೆ, ಕೊಳಲು, ಹಾಡುಗಾರಿಕೆ ಆದರೆ ಕಣ್ಣು ಮುಚ್ಚಿ 600. ಅದರ ಹಿಂಭಾಗ ತೆರೆದಿರುತ್ತದೆ, ಹಾಗಾಗಿ ಸದ್ದು ತಲೆಯೊಳಗೇ ಕಟ್ಟಿಹಾಕಿದ ಹಾಗಿರುವುದಿಲ್ಲ. ತಂತಿ ಎಳೆದು ಗಮಕ ಕೊಡುವಾಗ ಒಂದೇ ಮೀಟಿನ ನಾದ ಮೇಲಕ್ಕೆ ಜಾರಿ ಮೆಲ್ಲಗೆ ಕರಗುವುದು, ಹಿಂದೆ ತಂಬೂರಿ ಗುಂಯ್‌ಗುಡುವುದು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಎಂಥಾ ಸುಖ ಅದು! ಆದರೆ ಅದರ ವಿದ್ಯುತ್ ತಡೆ (ಇಂಪಿಡೆನ್ಸ್) 300 ಓಮ್, ಬರೀ ಫೋನಿಗೆ ಸಿಕ್ಕಿಸಿದರೆ ಸಾಲದು, ಸದ್ದಿಗೆ ಬಲ ಕೊಡುವ ಆಂಪ್ (ಆಂಪ್ಲಿಫೈಯರ್) ಬೇಕು. ಪಕ್ಕದವರಿಗೂ ಕೇಳಿಸುತ್ತದೆ.

ಸಿನಿಮಾ ಹಾಡು, ಎಲೆಕ್ಟ್ರಾನಿಕ್ ಬೀಟ್ ಅಂದರೆ 770. ಮುಚ್ಚಿದ ಹೆಡ್‌ಫೋನ್, ಬೇಸ್ ಗಟ್ಟಿ. ಫೋನಿಗಾದರೆ 32 ಓಮ್‌ನದ್ದು ತಗೊಳ್ಳಿ, ಸುಮ್ನೆ 250ರದ್ದು ಬೇಡ. ಎರಡನ್ನೂ ಕೇಳಿ ನೋಡುವಾಗ ಕಡಿಮೆ ಬಿಟ್‌ರೇಟ್‌ನ, ಅಂದರೆ ತುಂಬಾ ಕುಗ್ಗಿಸಿದ ಎಂಪಿ3 ಹಾಕಬೇಡಿ.