ಎನ್‌ಎಂಸಿಎಲ್‌ಐ: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ಗಳಿಗೆ ಮಾನಿಟರ್ ಇಲ್ಲ, ಮೌಸ್ ಇಲ್ಲ. ಏನು ಮಾಡಿದರೂ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲೇ. ಐಪಿ ಅಡ್ರೆಸ್ ಬದಲಿಸಲು, ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಹಾಕಲು ನಾನು, ಲಿನಕ್ಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಎನ್‌ಎಂಸಿಎಲ್‌ಐ (nmcli) ಕಮಾಂಡನ್ನೇ ವರ್ಷಗಳಿಂದ ಬಳಸುತ್ತಿದ್ದೇನೆ. ಈಗ ಅದನ್ನು ನಂಬುತ್ತೇನೆ. ಆದರೆ ಹೊಸಬರಿಗೆ ಅದು ಅಷ್ಟೇನೂ ಸ್ನೇಹ ತೋರಿಸುವುದಿಲ್ಲ.

ಹಳಬರ ಕೈ ಇನ್ನೂ ಇಫ್‌ಕಾನ್ಫಿಗ್ ಎಂದೇ ಟೈಪ್ ಮಾಡುತ್ತದೆ. 1983ರಲ್ಲಿ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಜೊತೆ ಬಂದ ನೆಟ್‌ವರ್ಕ್ ಕಮಾಂಡ್ ಅದು. ಡೆಬಿಯನ್ ಲಿನಕ್ಸ್‌ನ 9ನೇ ಆವೃತ್ತಿಯಿಂದ ಈಚೆಗೆ ನಾವಾಗಿ ಹಾಕಿಕೊಳ್ಳದಿದ್ದರೆ ಸಿಗುವುದೂ ಇಲ್ಲ. ಈಗಿನ 'ಐಪಿ' ಕಮಾಂಡ್ ಚೆನ್ನಾಗಿದೆ, ಸ್ಥಿತಿ ನೋಡಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದರಲ್ಲಿ ಕೊಟ್ಟ ಅಡ್ರೆಸ್ ರೀಬೂಟ್ ಆದ ಕೂಡಲೇ ಹೋಯ್ತು. ಉಳಿಯಬೇಕಾದ ಸೆಟ್ಟಿಂಗ್‌ಗೆ ಅದು ಸಾಲದು.

ಎನ್‌ಎಂಸಿಎಲ್‌ಐನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅದು 'ಡಿವೈಸ್' ಮತ್ತು 'ಕನೆಕ್ಷನ್' ಎರಡನ್ನೂ ಬೇರೆ ಬೇರೆ ಇಡುತ್ತದೆ. ಡಿವೈಸ್ ಅಂದರೆ ಇಎನ್‌ಪಿ3ಎಸ್0 ತರಹದ ಹೆಸರಿನ ನೆಟ್‌ವರ್ಕ್ ಕಾರ್ಡ್. ಕನೆಕ್ಷನ್ ಅಂದರೆ ಅದಕ್ಕೆ ತೊಡಿಸುವ ಪ್ರೊಫೈಲ್, ಅಂದರೆ ಅಡ್ರೆಸ್, ಡಿಎನ್‌ಎಸ್ ತರಹದ ಸೆಟ್ಟಿಂಗ್‌ಗಳ ಕಟ್ಟು. ಕಾರ್ಡ್ ಮೈ ಆದರೆ ಪ್ರೊಫೈಲ್ ಅಂಗಿ. ಎಷ್ಟು ಅಂಗಿ ಇದ್ದರೂ ಒಮ್ಮೆಗೆ ಹಾಕುವುದು ಒಂದೇ. 'ಮಾಡಿಫೈ' ಮಾಡಿದರೆ ಬದಲಾವಣೆ ಡಿಸ್ಕ್‌ಗೆ ಸೇರುತ್ತದೆ, ಅಷ್ಟೇ. 'ಅಪ್' ಅನ್ನುವವರೆಗೆ ಓಡುತ್ತಿರುವ ನೆಟ್‌ವರ್ಕ್ ಹಳೆಯದರಲ್ಲೇ ಇರುತ್ತದೆ.

ಮೊದಮೊದಲು ಇದು ಸುಮ್ನೆ ತಲೆನೋವು ಅನಿಸುತ್ತದೆ. ದೂರದ ಸರ್ವರ್‌ನಲ್ಲಿ ಕೆಲಸ ಮಾಡುವಾಗ ಇದೇ ಕಾಪಾಡುತ್ತದೆ. ನಾನು ಓಡುತ್ತಿರುವ ಪ್ರೊಫೈಲ್ ಮುಟ್ಟುವುದೇ ಇಲ್ಲ. ಅದನ್ನು 'ಕ್ಲೋನ್' ಮಾಡಿ, ಹೊಸ ಅಡ್ರೆಸ್, ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ರೂಟರ್‌ನ ಅಡ್ರೆಸ್) ಎಲ್ಲ ಕ್ಲೋನ್‌ನಲ್ಲಿ ತುಂಬಿಸುತ್ತೇನೆ. 'ಶೋ' ಕೊಟ್ಟು ಒಂದೊಂದೇ ಸಾಲು ಓದುತ್ತೇನೆ. ಆಮೇಲೆ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸಬಲ್ಲ ಸಿಸ್ಟಂಡಿ-ರನ್ ಬಳಸಿ, 3 ನಿಮಿಷ ಬಿಟ್ಟು ಹಳೆ ಪ್ರೊಫೈಲ್ ತಾನೇ ಅಪ್ ಆಗುವಂತೆ ಟೈಮರ್ ಇಡುತ್ತೇನೆ. ಈಗ ಹೊಸದನ್ನು ಅಪ್ ಮಾಡಿದರೆ ಕೂತಿದ್ದ ಸೆಷನ್ ಸಾಯುತ್ತದೆ, ಸಾಯಲಿ. ಹೊಸ ಅಡ್ರೆಸ್‌ನಲ್ಲಿ ಲಾಗಿನ್ ಆಯ್ತಾ, ಟೈಮರ್ ನಿಲ್ಲಿಸಿ, ಹಳೆಯದರ ಆಟೋಕನೆಕ್ಟ್ (ತಾನಾಗಿ ಅಪ್ ಆಗುವ ಸೆಟ್ಟಿಂಗ್) ತೆಗೆಯುತ್ತೇನೆ. ಆಗಲಿಲ್ವಾ, 3 ನಿಮಿಷ ಕಾದರೆ ಹಳೆಯದು ವಾಪಸ್. ಇಷ್ಟೆಲ್ಲ ನಾವೇ ಕಟ್ಟಿಕೊಳ್ಳಬೇಕು ಅನ್ನುವುದು ನಿಜ. ಉಬುಂಟು ಲಿನಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್ ಸಾಧನವಾದ ನೆಟ್‌ಪ್ಲ್ಯಾನ್‌ನಲ್ಲಿ 'ಟ್ರೈ' ಅಂತಲೇ ಒಂದು ಕಮಾಂಡ್ ಇದೆ. 120 ಸೆಕೆಂಡ್‌ನಲ್ಲಿ ಒಪ್ಪಿಗೆ ಕೊಡದಿದ್ದರೆ ಅದೇ ಹಿಂದಕ್ಕೆ ಹೋಗುತ್ತದೆ. ಈ ವಿಷಯದಲ್ಲಿ ಅಂಕ ನೆಟ್‌ಪ್ಲ್ಯಾನ್‌ಗೇ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಸೆಟ್ಟಿಂಗ್ ಗೊತ್ತಿರಲೇಬೇಕು. ಸ್ವಿಚ್, ಸರ್ವರ್ ಬೇಗ ಏಳುತ್ತವೆ, ರೂಟರ್ ನಿಧಾನ. ಅಡ್ರೆಸ್ ತಾನಾಗಿ ಹಂಚುವ ಡಿಎಚ್‌ಸಿಪಿಗೆ ಮಾಮೂಲಿ ಕಾಯುವುದು 45 ಸೆಕೆಂಡ್, ಪ್ರಯತ್ನ 4 ಸಲ. ಆಮೇಲೆ ಸ್ವಲ್ಪ ಹೊತ್ತು ನೆಟ್‌ವರ್ಕ್‌ಮ್ಯಾನೇಜರ್ ಕೈಕಟ್ಟಿ ಕೂರುತ್ತದೆ. ಪ್ರೊಫೈಲ್‌ನಲ್ಲಿ ಆಟೋಕನೆಕ್ಟ್-ರಿಟ್ರೈಸ್ ಅನ್ನು 0 ಮಾಡಿ. 0 ಅಂದರೆ ಪ್ರಯತ್ನವೇ ಇಲ್ಲ ಎಂದಲ್ಲ, ಬಿಡದೆ ಪ್ರಯತ್ನಿಸು ಎಂದು!

ಬೈಯಬೇಕಾದ್ದೂ ಇದೆ. ತಾನಾಗಿ ಹುಟ್ಟುವ ಪ್ರೊಫೈಲ್‌ಗೆ 'ವೈರ್ಡ್ ಕನೆಕ್ಷನ್ 1' ಅಂತ ನಡುವೆ ಜಾಗ ಬಿಟ್ಟ ಹೆಸರು. ಪ್ರತಿ ಸಲ ಕೋಟ್ ಹಾಕಿ ಸಾಕಾಗುತ್ತದೆ, ಮೊದಲು ಹೆಸರು ಬದಲಿಸಿಬಿಡಿ. ನಾವೇ ಹಾಕಿದ ಸ್ಟ್ಯಾಟಿಕ್ ಅಡ್ರೆಸ್‌ನಿಂದ ಡಿಎಚ್‌ಸಿಪಿಗೆ ಮರಳುವಾಗ ಮೆಥಡ್ ಮಾತ್ರ 'ಆಟೋ' ಮಾಡಿದರೆ ಹಳೆ ಅಡ್ರೆಸ್ ಹೋಗುವುದಿಲ್ಲ. ಕಾರ್ಡ್‌ಗೆ ಎರಡೆರಡು ಅಡ್ರೆಸ್! ಅಡ್ರೆಸ್ ಒಂದನ್ನೇ ಅಳಿಸಲು ಹೋದರೆ, ಗೇಟ್‌ವೇ ಉಳಿದಿದೆ ಎಂದು ಎರರ್. ಮೆಥಡ್, ಅಡ್ರೆಸ್, ಗೇಟ್‌ವೇ ಮೂರನ್ನೂ ಒಂದೇ ಕಮಾಂಡ್‌ನಲ್ಲಿ ಕೊಡಬೇಕು. ವೈಫೈ ಪಾಸ್‌ವರ್ಡ್ ಕಮಾಂಡ್‌ನಲ್ಲೇ ಬರೆದರೆ ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ, 'ಆಸ್ಕ್' ಆಯ್ಕೆ ಬಳಸಿ.

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇರುವವರಿಗೆ ಒಂದು ಮಾತು. ಅಕ್ಟೋಬರ್ 2023ರ ಬುಕ್‌ವರ್ಮ್ ಆವೃತ್ತಿಯಿಂದ ಅಲ್ಲೂ ನೆಟ್‌ವರ್ಕ್‌ಮ್ಯಾನೇಜರ್ ಬಂದಿದೆ. ಮೊದಲು ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಡಿಎಚ್‌ಸಿಪಿಸಿಡಿಯ ಫೈಲ್ ತಿದ್ದಿ ಅನ್ನುವ ಹಳೆ ಪಾಠ ಅಲ್ಲಿ ನಡೆಯುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಪ್ರೊಫೈಲ್ ಫೈಲ್‌ಗಳ ರೂಪವೂ ಬದಲಾಗಿದೆ. ಕೈಯಾರೆ ಫೈಲ್ ಬರೆಯುವವರು ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯಬಹುದು), ಮಾಲೀಕ ರೂಟ್ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಉದ್ದುದ್ದ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ಟ್ಯಾಬ್ ಒತ್ತಿದರೆ ಬರುತ್ತವೆ. ಅಷ್ಟೂ ಬೇಡ ಅನಿಸಿದರೆ ಮೆನು ತೋರಿಸುವ ಎನ್‌ಎಂಟಿಯುಐ ಇದೆ, ಒಂದು ಸ್ಟ್ಯಾಟಿಕ್ ಅಡ್ರೆಸ್ ಹಾಕಲು ಧಾರಾಳ ಸಾಕು. ಉಬುಂಟು ಸರ್ವರ್ ನಡೆಸುವವರು ಮಾತ್ರ ನೆಟ್‌ಪ್ಲ್ಯಾನ್‌ನಲ್ಲೇ ಇರಿ. ಅಲ್ಲಿ ತೆರೆಮರೆಯಲ್ಲಿ ಕೆಲಸ ಮಾಡುವುದು ನೆಟ್‌ವರ್ಕ್‌ಮ್ಯಾನೇಜರ್ ಅಲ್ಲ, ಸಿಸ್ಟಂಡಿ-ನೆಟ್‌ವರ್ಕ್‌ಡಿ. ಎನ್‌ಎಂಸಿಎಲ್‌ಐ ಹಾಕಿದರೂ ನಿಮ್ಮ ಕಾರ್ಡ್ ಮುಂದೆ 'ಅನ್‌ಮ್ಯಾನೇಜ್ಡ್' (ನನ್ನ ಸುಪರ್ದಿಯಲ್ಲಿಲ್ಲ) ಎಂದು ತೋರಿಸುವುದೇ ಜಾಸ್ತಿ.